ಅಗಲಿದವರ ಪುಟ

ಪೆರಿನ್ಸ್ ಲ್ಯಾಂಡಿಂಗ್, ದಕ್ಷಿಣ ಕ್ಯಾರೊಲಿನಾ
ಫೆಬ್ರವರಿ 3, 1986

ಮೋಜೆಲ್,

‘ಬರೆದದ್ದು ಉಳಿಯುತ್ತೆ’ ಅಂತ ನೀನು ಅಂದೆಯೋ, ‘ಬರೆದವಳು ಉಳೀತಾಳೆ’ ಅಂದೆಯೋ, ಇವತ್ತಿಗೂ ನನಗೆ ತೀರ್ಮಾನವಾಗಿಲ್ಲ. ಬಸ್ಸಿನ ಎಂಜಿನ್ ಶುರುವಾಗಿತ್ತು. ನೀನು ಕಿಟಕಿಯಿಂದ ಬಗ್ಗಿ ಏನೋ ಹೇಳಿದೆ. ಮೊದಲನೆಯದಾದರೆ ಯಾರು ಯಾರಿಗೆ ಬೇಕಾದರೂ ಹೇಳಬಹುದಾದ ಮಾತು. ಎರಡನೆಯದಾದರೆ ನನಗೊಬ್ಬಳಿಗೇ ಹೇಳಿದ್ದು: ‘ಹೋಗುವವಳು ನಾನು, ಉಳಿಯುವವಳು ನೀನು’ ಎಂದು. ಮೂವತ್ತು ವರ್ಷ ನಾನು ಎರಡನೆಯದನ್ನೇ ಕೇಳಿಸಿಕೊಂಡಿದ್ದೇನೆ. ಅದಕ್ಕೇ ಕಾಗದ ಬರೆಯಲಿಲ್ಲ ಎಂದರೆ ನೀನು ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ.

ನಿನ್ನ ವಿಳಾಸ ಕೊಟ್ಟವಳು ನಿನ್ನ ಚಿಕ್ಕಪ್ಪನ ಮಗಳು ಯೂಲಾ. ಬೇಡ ಬೇಡ ಎನ್ನುತ್ತಲೇ ಕೊಟ್ಟಳು.

ಬರುವ ಅಕ್ಟೋಬರಿಗೆ ನಮ್ಮ ಸೋದರಿ ಸಂಘದ ಈ ಊರಿನ ಶಾಖೆಗೆ ಐವತ್ತು ತುಂಬುತ್ತದೆ. ಶಾಖೆಯ ಚರಿತ್ರೆ ಬರೆಯುವ ಕೆಲಸ ನನಗೆ ಬಿದ್ದಿದೆ. ಹದಿಮೂರು ವರ್ಷ ಕಾರ್ಯದರ್ಶಿಯಾಗಿದ್ದವಳು, ಇನ್ನೇನು ಶಾಲೆಯ ಕೆಲಸವೂ ಮುಗಿಯುತ್ತದೆ, ಬರೆಯಲಿ ಎಂದು ಅಧ್ಯಕ್ಷೆ ಅಂದುಕೊಂಡಿರಬೇಕು. ಅವಳ ಹೆಸರು ಚಾರ್ಲ್ಸೆಟಾ, ಔಷಧದ ಅಂಗಡಿ ನಡೆಸುತ್ತಾಳೆ, ವಯಸ್ಸು ಮೂವತ್ತನಾಲ್ಕು. ನಾಲ್ಕು ವರ್ಷದವಳಿದ್ದಾಗ ನೀನು ಅವಳ ಪಾದದ ಅಳತೆ ತೆಗೆದಿದ್ದೀಯ. ಅವಳಿಗದು ಗೊತ್ತಿಲ್ಲ.

ಬರೆಯಲು ಕೂತಾಗ ಹೊಳೆಯಿತು, ನನ್ನ ಹತ್ತಿರ ಇರುವುದೆಲ್ಲ ನಿರ್ಣಯಗಳು. ಯಾರು ಸೂಚಿಸಿದರು, ಯಾರು ಅನುಮೋದಿಸಿದರು. 1936ರಲ್ಲಿ ಮಿಸೆಸ್ ಸ್ಟೂಕ್ಸ್ ಮನೆಯ ಮುಂದಿನ ಕೋಣೆಯಲ್ಲಿ ಒಂಬತ್ತು ಜನ ಸೇರಿದರು. ಒಂಬತ್ತು ಜನವೂ ನಮ್ಮ ಕರಿಯರ ಶಾಲೆಗಳ ಶಿಕ್ಷಕಿಯರು. ಕಿಟಕಿಯ ಪರದೆ ಎಳೆದಿತ್ತು. ಯಾಕೆ ಎಳೆದಿತ್ತು ಎಂದು ನಡಾವಳಿಯಲ್ಲಿಲ್ಲ. ನಿನ್ನನ್ನು ಕೇಳಬೇಕಾದ್ದು ಬಹಳ ಇದೆ. ಡ್ಯಾಂಟ್ಸ್ಲರ್ ಅವರ ಶವದ ಗಾಡಿಯಲ್ಲಿ ಪುಸ್ತಕ ಹೇರಿಕೊಂಡು ನೀನು ಹೊಲಗಳ ಕಡೆ ಹೋಗಿದ್ದು ಯಾವ ವರ್ಷ? ಮಕ್ಕಳ ಪಾದದ ಅಳತೆ ಶುರುವಾಗಿದ್ದು ಅದಕ್ಕೆ ಮೊದಲೋ ಆಮೇಲೋ?

ಇನ್ನೊಂದು ವಿಷಯ. ಇದನ್ನು ಮೊದಲೇ ಬರೆಯಬೇಕಿತ್ತು.

ಹೋದ ವಾರ, ಜನವರಿಯ ಕೊನೆಯ ಭಾನುವಾರ, ಅಗಲಿದ ಸೋದರಿಯರ ಸ್ಮರಣೆ ಇತ್ತು. ಗೊತ್ತಲ್ಲ, ಎಲ್ಲರೂ ಬಿಳಿ ಉಡುಪು, ಒಂದೊಂದು ಹೆಸರು ಓದಿದಾಗಲೂ ನೀರಿನ ಬಟ್ಟಲಿಗೆ ಒಂದು ಬಿಳಿ ಕಮೀಲಿಯಾ ಹೂ. ಮೂರನೆಯ ಹೆಸರು ನಿನ್ನದು. ಇದುವರೆಗೆ ಮೂವತ್ತು ಸಲ ಓದಿದ್ದೇವೆ. ನಮ್ಮ ಪುಸ್ತಕದಲ್ಲಿ ನೀನು ಬದುಕಿಲ್ಲ, ಮೋಜೆಲ್. ಅದು ಹಾಗೆಯೇ ಅಚ್ಚಾಗಬೇಕೆ ಎಂದು ಸೆಪ್ಟೆಂಬರಿನ ಒಳಗೆ ನಾನು ಅಚ್ಚಿನವರಿಗೆ ಹೇಳಬೇಕು.

ವಾಷ್ಟಿ ಮೋಲ್ಟ್ರಿ


ಫಿಲಡೆಲ್ಫಿಯಾ
ಫೆಬ್ರವರಿ 17, 1986

ವಾಷ್ಟಿ,

ನಿನ್ನ ಕಾಗದ ನಿಂತುಕೊಂಡು ಓದಿದೆ. ಆಮೇಲೆ ಕೂತೆ. ಕೂತಮೇಲೆ ನಗು ಬಂತು, ನಿಲ್ಲಲೇ ಇಲ್ಲ. ಪಕ್ಕದ ಮನೆಯಾಕೆ ಬಂದು ಬಾಗಿಲು ಬಡಿದಳು. ‘ಹುಷಾರಾಗಿದ್ದೀರಾ ಮಿಸ್ ಗ್ಯಾಡ್ಸನ್?’ ‘ನಾನು ಸತ್ತು ಮೂವತ್ತು ವರ್ಷ ಆಯ್ತಂತಮ್ಮಾ, ಈಗ ಸುದ್ದಿ ಬಂತು’ ಅಂದೆ. ಪಾಪ, ಹೋಗಿ ಸೂಪು ಮಾಡಿಕೊಂಡು ಬಂದಳು.

ಏನಾಗಿ ಸತ್ತೆ? ಅದನ್ನ ಬರೆಯೋದೇ ಮರೆತಿದ್ದೀಯ. ಯಾರು ಹಾಡಿದರು? ಅಲ್ವರ್ನಿಯಾ ಸ್ಟೂಕ್ಸ್ ಅತ್ತಳಾ? ಅತ್ತ ಹಾಗೆ ಕಂಡಿದ್ದರೆ, ಅದು ಬರೀ ಮೂಗು ಒರೆಸಿಕೊಂಡಿದ್ದು ಅಂತ ಬರೆದುಕೋ.

ಬಸ್ಸಿನ ಕಿಟಕಿಯಿಂದ ನಾನು ಏನಂದೆನೋ ನನಗೂ ನೆನಪಿಲ್ಲ. ‘ಹಿಂದೆ ಸರಿಯೇ, ಚಕ್ರ ಕಾಲ ಮೇಲೆ ಹತ್ತುತ್ತೆ’ ಅಂದಿದ್ದರೂ ಅಂದಿರಬಹುದು.

ನಿನ್ನ ಚರಿತ್ರೆಗೆ: ಪುಸ್ತಕದ ಗಾಡಿ 1953, ಅಕ್ಟೋಬರ್. ಊರಿನ ಗ್ರಂಥಾಲಯದ ಮೆಟ್ಟಿಲು ನಮ್ಮ ಮಕ್ಕಳು ಹತ್ತುವ ಹಾಗಿರಲಿಲ್ಲ. ನಮ್ಮಲ್ಲಿ ಇನ್ನೂರು ಪುಸ್ತಕ ಇದ್ದವು, ಗಾಡಿ ಇರಲಿಲ್ಲ. ಹೆಣ ಇಲ್ಲದ ದಿನ ತಗೊಂಡು ಹೋಗಿ ಅಂದರು ಡ್ಯಾಂಟ್ಸ್ಲರ್. ಮೊದಲ ದಿನ ಮಕ್ಕಳು ಶವದ ಗಾಡಿ ಕಂಡು ಹತ್ತಿಯ ಹೊಲದೊಳಕ್ಕೆ ಎದ್ದುಬಿದ್ದು ಓಡಿದವು. ಒಬ್ಬ ಮುದುಕ ಟೋಪಿ ತೆಗೆದು ದಾರಿ ಬದಿ ನಿಂತ. ‘ಯಾರಮ್ಮಾ ಹೋಗಿದ್ದು?’ ಹಿಂದಿನ ಬಾಗಿಲು ತೆಗೆದು ತೋರಿಸಿದೆ. ‘ಯಾರೂ ಹೋಗಿಲ್ಲ ತಾತ, ಭೂಗೋಳ ಬಂದಿದೆ.’ ಅವನು ಟೋಪಿ ಹಾಕಿಕೊಳ್ಳಲಿಲ್ಲ. ಒಂದು ಪುಸ್ತಕ ಎತ್ತಿಕೊಂಡು ಮೂಸಿ ನೋಡಿದ.

ಪಾದದ ಅಳತೆ ಅದಕ್ಕೆ ಒಂದು ವರ್ಷ ಮೊದಲು. ಅಂಗಡಿಯವನು ನಮ್ಮ ಮಕ್ಕಳ ಕಾಲಿಗೆ ಬೂಟು ಹಾಕಿ ನೋಡಲು ಬಿಡುತ್ತಿರಲಿಲ್ಲ, ಬರೀ ಅಳತೆ ತಂದುಕೊಡಿ ಅನ್ನುತ್ತಿದ್ದ. ಆಗಸ್ಟಿನಲ್ಲಿ ಚರ್ಚಿನ ನೆಲದ ಮೇಲೆ ಕಂದು ಕಾಗದ ಹಾಸಿ ಸಾಲಾಗಿ ನಿಲ್ಲಿಸುತ್ತಿದ್ದೆವು. ನೀವೆಲ್ಲ ಒಂದೇ ಪಾದ ಬರೆದುಕೊಂಡು ಮುಗಿಸಿಬಿಡುತ್ತಿದ್ದಿರಿ. ಎರಡೂ ಬರೀರೇ, ಯಾರ ಎರಡು ಪಾದವೂ ಒಂದೇ ಸಮ ಇರಲ್ಲ ಅಂತ ನಾನು ಬೈಯಬೇಕಾಗಿತ್ತು. ಇದನ್ನ ಚರಿತ್ರೆಯಲ್ಲಿ ಹಾಕು.

ಹೆಸರು ಹೊಡೆದುಹಾಕಿದ್ದೀರಿ ಅಂತ ಗೊತ್ತಿತ್ತು. ಹೂಳಿದ್ದೀರಿ ಅಂತ ಗೊತ್ತಿರಲಿಲ್ಲ. ಆ ಪುಟದಲ್ಲಿ ಬರೆದವರು ಯಾರು?

ದಿವಂಗತ
ಮೋಜೆಲ್


ಪೆರಿನ್ಸ್ ಲ್ಯಾಂಡಿಂಗ್
ಮಾರ್ಚ್ 9, 1986

ಮೋಜೆಲ್,

ಕಾಯಿಲೆಯ ಹೆಸರು ದಾಖಲಾಗಿಲ್ಲ. ಆದರೆ ಜನ ಖಾಲಿ ಜಾಗವನ್ನು ಖಾಲಿ ಇರಲು ಬಿಡುವುದಿಲ್ಲ. ಬಹಳ ಕಾಲ ಅದು ನ್ಯುಮೋನಿಯಾ ಆಗಿತ್ತು. ಈಗಿನ ಹುಡುಗಿಯರ ಪ್ರಕಾರ ನೀನು ವರ್ಜೀನಿಯಾದ ಹೆದ್ದಾರಿಯಲ್ಲಿ ಕಾರು ಅಪಘಾತದಲ್ಲಿ ಹೋದೆ, ಹಿಂದಿನ ಸೀಟಿನ ತುಂಬ ಮಕ್ಕಳ ಪುಸ್ತಕಗಳಿದ್ದವು. ಪುಸ್ತಕಗಳನ್ನು ಯಾರು ಸೇರಿಸಿದರೋ ಗೊತ್ತಿಲ್ಲ. ನಿನಗೆ ಓಡಿಸಲು ಬರುತ್ತಿದ್ದುದು ಶವದ ಗಾಡಿ ಮಾತ್ರ ಎಂದು ನಾನೂ ಹೇಳಲಿಲ್ಲ.

ಬರೆದ ಕೈ ನನ್ನದು.

1956ರ ಮಾರ್ಚ್. ಶಾಲಾ ಮಂಡಳಿಯ ಫಾರಂ ಬಂದಾಗ ನಾವಿಬ್ಬರೂ ಒಂದೇ ಮೇಜಿನ ಎದುರುಬದುರು ಇದ್ದೆವು. ನಮ್ಮವರ ಹಕ್ಕುಗಳಿಗಾಗಿ ಕೋರ್ಟಿನ ಮೆಟ್ಟಿಲು ಹತ್ತುತ್ತಿದ್ದ ಆ ಸಂಸ್ಥೆಗೆ ನೀವು ಸೇರಿದ್ದೀರಾ, ಹೌದು ಅಥವಾ ಇಲ್ಲ. ನಾನು ಪೆನ್ಸಿಲ್ ಹುಡುಕುತ್ತಿದ್ದೆ. ನೀನು ಶಾಯಿಯಲ್ಲಿ ‘ಹೌದು’ ಎಂದು ಬರೆದು, ಹೀರುಕಾಗದ ಒತ್ತಿ, ‘ಊಟಕ್ಕೇನು ತಂದಿದ್ದೀಯ?’ ಎಂದು ಕೇಳಿದೆ. ನಾನು ‘ಇಲ್ಲ’ ಎಂದು ಬರೆದೆ. ಅದು ಸುಳ್ಳಲ್ಲ. ಸೇರು ಎಂದು ನೀನು ಕರೆದಾಗಲೆಲ್ಲ ಮುಂದಿನ ತಿಂಗಳು ಎಂದಿದ್ದೆ.

ನಿನ್ನ ಕೆಲಸ ಹೋಯಿತು. ಆಮೇಲೆ ಮಂಡಳಿಯವರು ನಮ್ಮ ಶಾಖೆಯ ಸದಸ್ಯರ ಪಟ್ಟಿ ಕೇಳಿದರು. ಚರ್ಚಿನ ನೆಲಮಾಳಿಗೆಯಲ್ಲಿ ಗುರುವಾರ ಗುರುವಾರ ನೀನು ದೊಡ್ಡವರಿಗೆ ಸಂವಿಧಾನ ಓದಲು ಕಲಿಸುತ್ತಿದ್ದೆಯಲ್ಲ, ಮತದಾರರ ಪಟ್ಟಿಗೆ ಹೆಸರು ಬರೆಸಲು ಹೋದಾಗ ಅಧಿಕಾರಿ ಓದಿಸಿ ನೋಡುತ್ತಾನೆಂದು, ಅದು ಶಾಖೆಯ ಕೆಲಸವೋ ನಿನ್ನೊಬ್ಬಳ ಕೆಲಸವೋ ಎಂದು ಅವರಿಗೆ ತಿಳಿಯಬೇಕಿತ್ತು. ಆಗ ಅಧ್ಯಕ್ಷೆಯಾಗಿದ್ದ ಮಿಸೆಸ್ ಸ್ಟೂಕ್ಸ್ ಕೈಗವಸು ಬಿಚ್ಚದೆ ಕೂತಿದ್ದರು. ‘ಹದಿಮೂರು ಜನರ ಅನ್ನ ಒಬ್ಬಳ ಶಾಯಿಯ ಮೇಲೆ ನಿಂತಿದೆ. ವಾಷ್ಟಿ, ಪುಸ್ತಕ ನಿನ್ನ ಹತ್ರ ಇದೆ. ಆ ಹೆಸರು ಆ ಪುಟದಲ್ಲಿ ಇರಬಾರದು. ಹೇಗೆ ಅಂತ ನನಗೆ ಹೇಳ್ಬೇಡ.’

ಸದಸ್ಯರ ಪುಟ ಬಿಟ್ಟರೆ ಒಂದು ಹೆಸರು ಹೋಗಬಹುದಾದ ಪುಟಗಳು ಎರಡೇ. ಒಂದು, ಹೊರಹಾಕಿದವರದು. ಅದಕ್ಕೆ ವಿಚಾರಣೆ ಬೇಕು, ಸಂಘದ ಕೇಂದ್ರ ಕಚೇರಿಗೆ ಕಾಗದ ಹೋಗಬೇಕು, ಮತ್ತೆ ಎಲ್ಲೂ ಯಾವ ಶಾಖೆಯೂ ಸೇರಿಸಿಕೊಳ್ಳುವಂತಿಲ್ಲ. ಇನ್ನೊಂದು, ಅಗಲಿದವರದು. ಅದಕ್ಕೆ ಒಂದು ತಾರೀಖು ಸಾಕು. ನಾನು ಪುಟ ತಿರುಗಿಸಿದೆ. ನೀನು ಬಸ್ಸು ಹತ್ತಿದ ತಾರೀಖು ಹಾಕಿದೆ. ಆಗ ಅದು ನನಗೆ ಉಪಾಯ ಅನ್ನಿಸಿತು. ಸ್ವಲ್ಪ ಹೆಮ್ಮೆಯೂ ಆಯಿತು.

ಜನವರಿ ಬರುತ್ತದೆ ಎಂದು ಯೋಚಿಸಿರಲಿಲ್ಲ. ಕೋಣೆಯಲ್ಲಿ ಹದಿಮೂರೂ ಜನ ಇದ್ದರು. ನೀನು ಫಿಲಡೆಲ್ಫಿಯಾದಲ್ಲಿ ಹೋಟೆಲಿನ ಬಟ್ಟೆ ಒಗೆಯುತ್ತಿದ್ದೀಯ ಎಂದು ಹದಿಮೂರೂ ಜನರಿಗೆ ಗೊತ್ತಿತ್ತು. ಪಟ್ಟಿ ಓದುವವಳು ನಾನು. ಬಿಟ್ಟು ಮುಂದೆ ಹೋಗಬಹುದಿತ್ತು, ಆದರೆ ಮಿಸೆಸ್ ಸ್ಟೂಕ್ಸ್ ಪಕ್ಕದಲ್ಲಿ ನಿಂತು ಪುಟ ನೋಡುತ್ತಿದ್ದರು. ಓದಿದೆ. ಆಮೇಲೆ ಎಲ್ಲ ದನಿಗಳೂ ಒಟ್ಟಿಗೆ, ಪದ್ಧತಿಯಂತೆ: ‘ನಮ್ಮ ನಡುವೆ ಇದ್ದಾಳೆ.’

ಆ ಕೋಣೆಯಲ್ಲಿ ಅದಕ್ಕಿಂತ ದೊಡ್ಡ ಸುಳ್ಳನ್ನು ನಾವು ಹೇಳಿಲ್ಲ. ಅದಕ್ಕಿಂತ ದೊಡ್ಡ ನಿಜವನ್ನೂ ಹೇಳಿದ್ದೇವೆಯೋ ಇಲ್ಲವೋ.

ವಾಷ್ಟಿ


ಫಿಲಡೆಲ್ಫಿಯಾ
ಏಪ್ರಿಲ್ 2, 1986

ವಾಷ್ಟಿ,

ಹೊರಹಾಕಬಾರದು ಅಂತ ಸಾಯಿಸಿದೆ. ಅದರಲ್ಲಿ ಒಂಥರಾ ಪ್ರೀತಿ ಇದೆ, ಅದು ನನಗೆ ಕಾಣಲಿ ಅಂತ ಬರೆದಿದ್ದೀಯ. ಕಾಣಿಸ್ತು. ನೀನು ಮೊದಲಿಂದಲೂ ಅಚ್ಚುಕಟ್ಟು. ಸಂಘಕ್ಕೆ ಸೇರುವ ದೀಕ್ಷೆಗೆ ಎತ್ತರದ ಪ್ರಕಾರ ನಮ್ಮನ್ನ ಸಾಲಾಗಿ ನಿಲ್ಲಿಸಿದ್ದಾಗ ನೀನು ನನ್ನ ಮುಂದೆ ಇದ್ದೆ, ಆರು ವಾರ ನಿನ್ನ ಕತ್ತು ನೋಡಿದೀನಿ. ಒಂದು ದಿನವೂ ಕಾಲರು ಮಡಚಿರಲಿಲ್ಲ.

ಈಗ ನಾನು ಒಂದು ಹೇಳ್ತೀನಿ. ಹೂಳಿದ್ದು ಗೊತ್ತಿರಲಿಲ್ಲ ಅಂತ ಬರೆದಿದ್ದೆನಲ್ಲ, ಅದು ನಿಜ ಅಲ್ಲ, ನೀನಾಗೇ ಹೇಳ್ತೀಯಾ ಅಂತ ನೋಡಿದೆ.

ಬಟ್ಟೆ ಒಗೆಯೋದು ಮೂರು ವರ್ಷ. ಆಮೇಲೆ ಇಲ್ಲಿನ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿತು. 1961ರಲ್ಲಿ ನಮ್ಮ ಸಂಘದ ಇಲ್ಲಿನ ಶಾಖೆಯವರು ಜೈಲಿನ ಹೆಂಗಸರಿಗೆ ಓದು ಕಲಿಸ್ತಾರೆ ಅಂತ ಗೊತ್ತಾಯ್ತು. ಅದೂ ಗುರುವಾರವೇ. ಐದು ವರ್ಷ ಸಂಘದ ಹೆಸರಿನ ಆ ಮೂರು ಗ್ರೀಕ್ ಅಕ್ಷರ ಎಲ್ಲಾದರೂ ಕಂಡರೆ ರಸ್ತೆಯ ಆ ಕಡೆಗೆ ಹೋಗ್ತಿದ್ದೆ. ಆ ಗುರುವಾರ ಹೋಗಿ ಬಾಗಿಲು ತಟ್ಟಿದೆ. ಒಳಗೆ ಕರೆದರು, ಕೇಕು ಕೊಟ್ಟರು, ಯಾರ ಜೊತೆ ದೀಕ್ಷೆ ಆಯ್ತು ಅಂತೆಲ್ಲ ಕೇಳಿದರು. ಎರಡು ತಿಂಗಳು ಅವರ ಜೊತೆ ಜೈಲಿಗೂ ಹೋದೆ. ವರ್ಗಾವಣೆ ಪತ್ರ ಬರಬೇಕು, ನಿಮ್ಮೂರಿಗೆ ಬರೆದಿದ್ದೀವಿ, ಅಷ್ಟೇ ಬಾಕಿ ಅಂದರು.

ಪತ್ರ ಬಂತು. ಟೈಪು ಮಾಡಿದ್ದು. ‘ಮಿಸ್ ಮೋಜೆಲ್ ಗ್ಯಾಡ್ಸನ್ 1956ರಲ್ಲಿ ನಮ್ಮನ್ನಗಲಿದರು. ಆ ಹೆಸರಿನ ಬೇರೆ ಸದಸ್ಯೆ ನಮ್ಮಲ್ಲಿಲ್ಲ.’ ಕೆಳಗೆ ಸಹಿ ಇರಲಿಲ್ಲ, ‘ಕಾರ್ಯದರ್ಶಿ’ ಅಂತ ಮಾತ್ರ. ಅಗಲಿದರು ಅಂದರೆ ಊರು ಬಿಟ್ಟರು ಅಂತ ನಾನು ಹೇಳಿ ನೋಡಿದೆ. ಅಲ್ಲಿನ ಅಧ್ಯಕ್ಷೆ ಕಾಗದವನ್ನ ಮಡಚಿ ಚೀಲದಲ್ಲಿ ಇಟ್ಟುಕೊಂಡಳು. ‘ನೀವು ಯಾರು ಅಂತ ನನಗೆ ಗೊತ್ತಿಲ್ಲಮ್ಮಾ. ಆದ್ರೆ ಸತ್ತವರ ಹೆಸರು ಹೇಳಿಕೊಂಡು ಬರೋದು ಒಳ್ಳೇದಲ್ಲ.’ ನಿಮ್ಮನ್ನ ಗುರುತಿಸೋರು ಆ ಊರಲ್ಲಿ ಯಾರಾದ್ರೂ ಇದ್ದಾರಾ ಅಂತ ಕೇಳಿದಳು. ನಿನ್ನ ಹೆಸರು ಹೇಳಿದೆ.

ಇನ್ನೊಂದು ಸಲ ಬರೀತೀವಿ ಅಂದಳು. ಬೇಡ ಅಂದೆ. ಯಾಕೆ ಬೇಡ ಅಂದೆ ಅಂತ ಆಗ ಗೊತ್ತಿರಲಿಲ್ಲ.

ನೀನು ಎಷ್ಟು ವರ್ಷ ಕಾರ್ಯದರ್ಶಿಯಾಗಿದ್ದೆ ಅಂತ ನಿನ್ನ ಮೊದಲ ಕಾಗದದಲ್ಲಿ ಇದೆ. ಯಾವತ್ತಿಂದ ಯಾವತ್ತಿನವರೆಗೆ ಅಂತ ಇಲ್ಲ. 1961ರಲ್ಲಿ ಕಾರ್ಯದರ್ಶಿ ಯಾರು?

ಮೋಜೆಲ್


ಪೆರಿನ್ಸ್ ಲ್ಯಾಂಡಿಂಗ್
ಮೇ 11, 1986

ಮೋಜೆಲ್,

ತಡವಾಯಿತು. ಶಾಲೆಯ ಕೊನೆಯ ತಿಂಗಳು ಹೇಗಿರುತ್ತದೆಂದು ನಿನಗೆ ಗೊತ್ತು.

ನೀನು ಬದುಕಿದ್ದೀಯ ಎಂದು ಸಭೆಯಲ್ಲಿ ಹೇಳಿದೆ. ಏಪ್ರಿಲಿನ ಎರಡನೇ ಶನಿವಾರದ ಸಭೆ, ಮೂವತ್ತೊಂದು ಜನ. ಚಾರ್ಲ್ಸೆಟಾ ಕೇಳಿದಳು, ‘ಬದುಕಿದ್ದಾರೆ ಅಂದ್ರೆ, ಮಿಸ್ ವಾಷ್ಟಿ, ನಮ್ಮ ಹೃದಯದಲ್ಲಾ?’

‘ಫಿಲಡೆಲ್ಫಿಯಾದಲ್ಲಿ’ ಅಂದೆ.

‘ಅಯ್ಯೋ ದೇವರೇ. ಗೋಡೆ ಮೇಲೆ ಹಿತ್ತಾಳೆ ಫಲಕ ಇದೆಯಲ್ರೀ!’

ಅದನ್ನು ನಾನು ನಿನಗೆ ಹೇಳಿಲ್ಲ. ಈಗ ನಮಗೆ ಸ್ವಂತ ಕಟ್ಟಡ ಇದೆ. ಅದರಲ್ಲೊಂದು ಮಕ್ಕಳ ಓದುಕೋಣೆ, ಶಾಲೆ ಬಿಟ್ಟಮೇಲೆ ಇಪ್ಪತ್ತು ಮೂವತ್ತು ಮಕ್ಕಳು ಬರುತ್ತಾರೆ. ‘ಮೋಜೆಲ್ ಗ್ಯಾಡ್ಸನ್ ಸ್ಮಾರಕ ಓದುಕೋಣೆ’. ಹನ್ನೊಂದು ವರ್ಷವಾಯಿತು. ಆ ಫಲಕದ ಅಕ್ಷರ ತಪ್ಪಿಲ್ಲವೆಂದು ನೋಡಿ ಒಪ್ಪಿಗೆ ಕೊಟ್ಟವಳು ನಾನು. ಅಕ್ಷರ ತಪ್ಪಿರಲಿಲ್ಲ.

ಚಾರ್ಲ್ಸೆಟಾ ಕೇಂದ್ರ ಕಚೇರಿಗೆ ಫೋನ್ ಮಾಡಿದಳು. ಅಲ್ಲಿನ ಹುಡುಗಿ ಬಹಳ ಹೊತ್ತು ಹುಡುಕಿ, ‘ಊರು ಬಿಟ್ಟುಹೋದವರು ಅರ್ಜಿ ಹಾಕಬಹುದು ಮೇಡಂ, ಚಂದಾ ಕಟ್ಟದೆ ಬಿಟ್ಟವರೂ ಹಾಕಬಹುದು. ತೀರಿಕೊಂಡವರು ವಾಪಸು ಬರೋಕೆ ನಮ್ಮಲ್ಲಿ ಫಾರಂ ಇಲ್ಲ’ ಅಂದಳಂತೆ. ಆಮೇಲೆ ಚಾರ್ಲ್ಸೆಟಾ ನನ್ನನ್ನು ಪಕ್ಕಕ್ಕೆ ಕರೆದಳು. ‘ನಿಮ್ಮ ದಮ್ಮಯ್ಯ ಮಿಸ್ ವಾಷ್ಟಿ, ಹಬ್ಬ ಮುಗಿದುಹೋಗ್ಲಿ. ಆಗಿನ ಕಾಲದವರು ಯಾರೋ ತಪ್ಪಿ ಬರೆದಿರ್ತಾರೆ, ಅಷ್ಟೇ ಅಲ್ವಾ?’ ಒಳ್ಳೆಯ ಹುಡುಗಿ. ಅವಳಿಗೆ ಆ ಅಕ್ಷರ ಯಾರದೆಂದು ತಿಳಿಯದು.

ಈ ವಾರ ಅಟ್ಟದ ಪೆಟ್ಟಿಗೆಯಲ್ಲಿ ಕಂದು ಕಾಗದದ ಕಟ್ಟು ಸಿಕ್ಕಿತು. 1955ರ ಆಗಸ್ಟ್. ನೀನು ಬರೆದ ಪಾದಗಳು ತಕ್ಷಣ ಗೊತ್ತಾಗುತ್ತವೆ, ಜೋಡಿಯಾಗಿವೆ. ಒಂದು ಹಾಳೆಯಲ್ಲಿ ಮಗುವಿಗೆ ಕಚಗುಳಿಯಾಗಿ ಗೆರೆ ದಾರಿ ತಪ್ಪಿದೆ.

ವಾಷ್ಟಿ


ಫಿಲಡೆಲ್ಫಿಯಾ
ಮೇ 20, 1986

ವಾಷ್ಟಿ,

ಓದುಕೋಣೆ ಆಯ್ತು. ಫಲಕ ಆಯ್ತು. ಕಚಗುಳಿ ಆಯ್ತು.

ನಾನು ಕೇಳಿದ್ದು ಒಂದೇ ಪ್ರಶ್ನೆ.

ಮೋ.


ಪೆರಿನ್ಸ್ ಲ್ಯಾಂಡಿಂಗ್
ಜುಲೈ 27, 1986

ಮೋಜೆಲ್,

1961ರಲ್ಲಿ ಕಾರ್ಯದರ್ಶಿ ನಾನು.

ಈ ವಾಕ್ಯ ಬರೆಯಲು ಒಂಬತ್ತು ವಾರ ಬೇಕಾಯಿತು. ಅದರ ಮುಂದಿನ ವಾಕ್ಯವನ್ನು ಬೇಗ ಬರೆದುಬಿಡುತ್ತೇನೆ. ನೀನು ಬದುಕಿದ್ದೀಯ ಎಂದು ಗೊತ್ತಿದ್ದೇ ಟೈಪು ಮಾಡಿದೆ. ಫಿಲಡೆಲ್ಫಿಯಾದ ಕಾಗದ ನನ್ನ ಮನೆಗೇ ಬಂದಿತ್ತು. ಅದರಲ್ಲಿ ನಿನ್ನ ಬಗ್ಗೆ ಒಂದು ಸಾಲು ಒಳ್ಳೆಯ ಮಾತು ಇತ್ತು. ಜೈಲಿನ ಹೆಂಗಸರು ನಿನ್ನನ್ನು ಕೇಳುತ್ತಾರೆ ಎಂದು.

ಶಾಲಾ ಮಂಡಳಿಗೆ ಹೆದರಿದೆ ಎಂದು ಹೇಳಿಕೊಳ್ಳಬಹುದು, ಈ ಒಂಬತ್ತು ವಾರದಲ್ಲಿ ಅದನ್ನು ನಾಲ್ಕು ರೀತಿ ಬರೆದು ನೋಡಿದೆ. ಅದು ನಿಜವಲ್ಲ. ಆ ಹೊತ್ತಿಗೆ ಆ ಫಾರಂ ಯಾರಿಗೂ ನೆನಪಿರಲಿಲ್ಲ. ಮಿಸೆಸ್ ಸ್ಟೂಕ್ಸ್ ಕೂಡ ಒಮ್ಮೆ, ಗಿಡ ಕತ್ತರಿಸುತ್ತ, ‘ಗ್ಯಾಡ್ಸನ್ ಹುಡುಗಿ ಎಲ್ಲಿದ್ದಾಳೋ, ಕರೆಸ್ಕೋಬಹುದಿತ್ತು’ ಅಂದಿದ್ದರು. ನಾನು ಕತ್ತರಿಸಿದ ರೆಂಬೆಗಳನ್ನು ಆರಿಸಿಕೊಂಡೆ.

ನಮ್ಮ ನಿಯಮದಲ್ಲಿ ಒಂದು ಸಾಲಿದೆ. ಪುಸ್ತಕದಲ್ಲಿ ಸುಳ್ಳು ಬರೆದವಳಿಗೆ ಸಂಘದಲ್ಲಿ ಜಾಗವಿಲ್ಲ. ನೀನು ಬದುಕಿದ್ದೀಯ ಎಂದು ಫಿಲಡೆಲ್ಫಿಯಾಕ್ಕೆ ಬರೆದರೆ, ಮತ್ತೆ ಸತ್ತವಳೆಂದು ಬರೆದವರು ಯಾರು ಎಂದು ಅವರು ಕೇಳುತ್ತಿದ್ದರು. ಆ ವರ್ಷ ಅಮ್ಮ ತೀರಿಹೋಗಿದ್ದಳು. ನಾನು ಮದುವೆಯಾಗಿರಲಿಲ್ಲ, ಆಗುವ ಸೂಚನೆಯೂ ಇರಲಿಲ್ಲ. ನನಗಿದ್ದುದು ಎರಡನೇ ಶನಿವಾರಗಳು. ಸಭೆಯ ಕೊನೆಗೆ ಎಲ್ಲರೂ ಕೈ ಕೈ ಹಿಡಿದು ನಿಲ್ಲುತ್ತೇವಲ್ಲ, ತಿಂಗಳಿಗೊಮ್ಮೆ, ನನ್ನ ಕೈಯನ್ನು ಇನ್ನೊಬ್ಬರು ಹಿಡಿಯುತ್ತಿದ್ದುದು ಆಗ ಮಾತ್ರ. ಅದನ್ನು ಕಳೆದುಕೊಳ್ಳಲಾರೆ ಅನ್ನಿಸಿತು. ಅದನ್ನು ನಿನ್ನಿಂದ ಕಿತ್ತುಕೊಂಡು ಉಳಿಸಿಕೊಳ್ಳುತ್ತಿದ್ದೇನೆ ಎಂದು ಹೊಳೆಯಲಿಲ್ಲ ಎಂದು ಬರೆದರೆ ಅದು ಎರಡನೆಯ ಸುಳ್ಳಾಗುತ್ತದೆ. ಹೊಳೆಯಿತು. ಟೈಪು ಮಾಡುವಾಗಲೇ ಹೊಳೆಯಿತು.

ಆ ಕಾಗದಕ್ಕೆ ಸಹಿ ಹಾಕಲಿಲ್ಲ. ಹದಿಮೂರು ವರ್ಷದಲ್ಲಿ ನಾನು ಸಹಿ ಹಾಕದೆ ಕಳಿಸಿದ್ದು ಅದೊಂದೇ.

ಚರಿತ್ರೆಯಲ್ಲಿ 1956ರ ವಿಷಯ ಬರೆದಿದ್ದೇನೆ. ಅದರಲ್ಲಿ ಹದಿಮೂರು ಜನರ ಭಯವಿದೆ, ಓದುವವರು ಕ್ಷಮಿಸಬಹುದು. 1961ನ್ನು ಬರೆದಿಲ್ಲ. ಏನು ಮಾಡಬೇಕೆಂದು ನೀನು ಹೇಳಬೇಕು.

ವಾಷ್ಟಿ


ಫಿಲಡೆಲ್ಫಿಯಾ
ಸೆಪ್ಟೆಂಬರ್ 1, 1986

ವಾಷ್ಟಿ,

ಅದು ನೀನೇ ಅಂತ ನನಗೆ ಆಗಲೇ ಗೊತ್ತಿತ್ತು. ‘ನಮ್ಮನ್ನಗಲಿದರು’ ಅಂತ ಬರೆಯೋರು ಆ ಊರಲ್ಲಿ ಬೇರೆ ಯಾರೂ ಇಲ್ಲ, ಉಳಿದವರೆಲ್ಲ ‘ಸತ್ತರು’ ಅಂತಾರೆ. ಅದಕ್ಕೇ ಇನ್ನೊಂದು ಸಲ ಬರೀಬೇಡಿ ಅಂದಿದ್ದು. ಇನ್ನೊಂದು ಸಲವೂ ನಿನ್ನ ಕೈಯಲ್ಲೇ ಬರುತ್ತಿತ್ತು.

ಜೈಲಿಗೆ ನಾನು ಒಬ್ಬಳೇ ಹೋಗ್ತಿದ್ದೆ, ಯಾವ ಸಂಘವೂ ಇಲ್ಲದೆ. ಹತ್ತೊಂಬತ್ತು ವರ್ಷ. ಅದನ್ನ ಪುಸ್ತಕದಲ್ಲಿ ಹಾಕಬೇಡ, ಅದು ನಿಮ್ಮ ಸೇವೆ ಅಲ್ಲ.

ಏನು ಮಾಡಲಿ ಅಂತ ಕೇಳಿದ್ದೀಯ. 1961 ಹಾಕು. ಅದು ಇಲ್ಲದಿದ್ದರೆ ನನ್ನ ಹೆಸರೂ ಬೇಡ, ಸತ್ತವಳಾಗೇ ಇರ್ತೀನಿ, ಅಭ್ಯಾಸ ಆಗಿದೆ. ಹಾಕಿದರೆ ನಿನ್ನ ಜಾಗ ಹೋಗುತ್ತೆ ಅಂತ ನನಗೆ ಗೊತ್ತು. ಗೊತ್ತಿದ್ದೇ ಹೇಳ್ತಿದ್ದೀನಿ. ಸಿಟ್ಟಿನಿಂದಲ್ಲ. ಸಿಟ್ಟು ಇತ್ತು, ಎಲ್ಲೋ ಎಪ್ಪತ್ತರ ಹೊತ್ತಿಗೆ ಮುಗೀತು. ಈಗ ಇರೋದಕ್ಕೆ ಹೆಸರು ಗೊತ್ತಿಲ್ಲ.

ಬರ್ತೀನೋ ಇಲ್ಲವೋ ಕೇಳಬೇಡ.

ಮೋಜೆಲ್


ಪೆರಿನ್ಸ್ ಲ್ಯಾಂಡಿಂಗ್
ಅಕ್ಟೋಬರ್ 19, 1986

ಮೋಜೆಲ್,

ಚರಿತ್ರೆಯ ಒಂದು ಪ್ರತಿ ಬೇರೆ ಲಕೋಟೆಯಲ್ಲಿ ಕಳಿಸಿದ್ದೇನೆ. ನಲವತ್ತೆಂಟು ಪುಟ. 1956 ಹತ್ತೊಂಬತ್ತನೆಯ ಪುಟದಲ್ಲಿದೆ, 1961 ಅದರ ಬೆನ್ನಿಗೆ. ಜೈಲಿನ ವಿಷಯ ನೀನು ಹೇಳಿದಂತೆ ಬಿಟ್ಟಿದ್ದೇನೆ. ಮುಖಪುಟ ಚಾರ್ಲ್ಸೆಟಾ ಆರಿಸಿದ್ದು, ನನಗೆ ಇಷ್ಟವಿಲ್ಲ.

ನಿನ್ನೆ ಬೆಳಗಿನ ಸಭೆಯಲ್ಲಿ, ಹಬ್ಬದ ಊಟಕ್ಕೆ ಮೊದಲು, ಆ ಎರಡು ಪುಟಗಳನ್ನು ನಿಂತು ಓದಿದೆ. ಅಚ್ಚಾದ ಮೇಲೆ ಕಣ್ಣಿಗೆ ಬೀಳಲಿ ಎಂದು ಬಿಡಬಹುದಿತ್ತು. ಓದುವಾಗ ನನ್ನ ದನಿ ನಾನು ಅಂದುಕೊಂಡದ್ದಕ್ಕಿಂತ ಚೆನ್ನಾಗಿಯೇ ಇತ್ತು. ಮುಗಿದಮೇಲೆ ಹಿಂದಿನ ಸಾಲಿನಲ್ಲಿ ಯಾರೋ ಒಬ್ಬಳು, ‘ಈ ವಯಸ್ಸಿನಲ್ಲಿ ಈಯಮ್ಮನಿಗೆ ಇದೆಲ್ಲ ಯಾಕೆ ಬೇಕಿತ್ತು?’ ಅಂದಳು. ಪಿಸುಗುಡುತ್ತಿದ್ದೇನೆ ಎಂದುಕೊಂಡಿದ್ದಳು.

ಚಾರ್ಲ್ಸೆಟಾ ನಿಯಮದ ಪುಸ್ತಕ ತೆರೆದಳು. ಹೋದವಳನ್ನು ವಾಪಸು ಬರೆಯಲು ದಾರಿ ಇಲ್ಲ, ಕೇಂದ್ರದವರು ಏನಂತಾರೋ ಎಂದು ಶುರುಮಾಡಿದಳು. ಮಿಸೆಸ್ ಸ್ಟೂಕ್ಸ್‌ಗೆ ಈಗ ಎಂಬತ್ತೊಂಬತ್ತು, ಗಾಲಿಕುರ್ಚಿಯಲ್ಲಿ ಕರೆತಂದಿದ್ದರು. ಕೇಳಿಸುತ್ತಿಲ್ಲ ಎಂದೇ ಎಲ್ಲರೂ ತಿಳಿದಿದ್ದೆವು. ‘ಸತ್ತಳು ಅಂತ ಬರೆಯೋವಾಗ ಯಾರ ಅಪ್ಪಣೆ ಕೇಳಿದ್ವಿ?’ ಅಂದರು. ‘ಬದುಕಿದ್ದಾಳೆ ಅಂತ ಬರೆಯೋಕೆ ಮಾತ್ರ ಅಪ್ಪಣೆ ಬೇಕಾ? ಅವತ್ತು ಹೇಳಿಸಿದವಳು ನಾನು. ನನ್ನ ಹೆಸರೂ ಹಾಕಿದ್ದಾಳೆ ತಾನೇ ಆ ಪುಸ್ತಕದಲ್ಲಿ? ಹಾಕಿಲ್ಲದಿದ್ರೆ ಹಾಕ್ಸಿ.’ ಹಾಕಿದ್ದೆ. ಅವರು ಅಳಲಿಲ್ಲ. ನೀನು ಕೇಳುತ್ತೀಯ ಎಂದು ನೋಡಿದೆ.

ಎರಡು ನಿರ್ಣಯಗಳಾದವು. ಮೊದಲನೆಯದು ನಿನ್ನ ಹೆಸರು ಸದಸ್ಯರ ಪುಟಕ್ಕೆ ಬರಬೇಕೆಂದು. ಎಲ್ಲರೂ ಕೈ ಎತ್ತಿದರು, ನಾನೂ ಎತ್ತಿದೆ, ಅದು ನನ್ನ ಕೊನೆಯ ಮತ. ಎರಡನೆಯದು ನನ್ನ ವಿಷಯ. ನಿಯಮದಂತೆ ಶಾಶ್ವತವಾಗಿ ಹೋಗಬೇಕಿತ್ತು. ಒಂದು ವರ್ಷ ಹೊರಗೆ, ಆಮೇಲೆ ಅರ್ಜಿ ಹಾಕಬಹುದು ಎಂದು ಮಾಡಿದರು. ಲವೋನ್ಯಾ ಎಂದು ಹೊಸ ಕಾರ್ಯದರ್ಶಿ, ಇಪ್ಪತ್ತಾರು ವರ್ಷ, ನನ್ನ ಹಳೆಯ ವಿದ್ಯಾರ್ಥಿನಿ. ‘ಮಿಸ್ ವಾಷ್ಟಿ, ತಪ್ಪು ತಿಳ್ಕೋಬೇಡಿ, ನೀವು ಅತಿಥಿಗಳ ಸಾಲಿಗೆ ಹೋಗಬೇಕು’ ಎಂದು ನನ್ನ ಕೈಚೀಲವನ್ನು ಅವಳೇ ಎತ್ತಿಕೊಂಡು ಬಂದಳು. ಅತಿಥಿಗಳ ಕುರ್ಚಿಗಳು ಕಿಟಕಿಯ ಪಕ್ಕ ಇವೆ. ಅಲ್ಲಿಂದ ರಸ್ತೆ ಕಾಣುತ್ತದೆ. ಮೂವತ್ತೈದು ವರ್ಷದಲ್ಲಿ ನಾನು ಅತಿಥಿಗಳ ಸಾಲಿನಿಂದ ನಮ್ಮ ಸಭೆಯನ್ನು ನೋಡಿರಲಿಲ್ಲ.

ಆಮೇಲೆ ಹಾಜರಿ. ದೀಕ್ಷೆಯ ವರ್ಷದ ಪ್ರಕಾರ ಕರೆಯುತ್ತಾರೆ. 1951ಕ್ಕೆ ಬಂದಾಗ ಲವೋನ್ಯಾ ನನ್ನ ಹೆಸರಿನ ಮೇಲೆ ಒಂದು ಕ್ಷಣ ತಡೆದು, ಮುಂದೆ ಹೋದಳು. ‘ಮೋಜೆಲ್ ಗ್ಯಾಡ್ಸನ್.’ ಯಾರಿಗೂ ಏನು ಮಾಡಬೇಕೆಂದು ತಿಳಿಯಲಿಲ್ಲ. ಈ ಹೆಸರು ಕೇಳಿದೊಡನೆ ಏನು ಹೇಳಬೇಕೆಂದು ಅವರ ಬಾಯಿಗೆ ಅಭ್ಯಾಸವಾಗಿಬಿಟ್ಟಿದೆ. ಮೂರು ನಾಲ್ಕು ಜನ ‘ನಮ್ಮ ನಡುವೆ’ ಎಂದು ಶುರುಮಾಡಿ ನಾಲಿಗೆ ಕಚ್ಚಿಕೊಂಡರು. ಒಬ್ಬಳಿಗೆ ನಗು ಬಂತು. ಲವೋನ್ಯಾ ಎರಡನೆಯ ಸಲ ಕರೆದಳು, ಮೂರನೆಯ ಸಲ ಕರೆದಳು. ಎಲ್ಲರೂ ಬಾಗಿಲ ಕಡೆ ತಿರುಗಿದರು. ನಾನು ಕಿಟಕಿಯಿಂದ ರಸ್ತೆ ನೋಡಿದೆ. ಹತ್ತೂವರೆಯ ಬಸ್ಸು ಬಂದು ನಿಂತು ಹೋಗಿಯಾಗಿತ್ತು.

ಅವಳು ‘ಗೈರುಹಾಜರು’ ಎಂದು ಬರೆದಳು. ಅವಳ ಪೆನ್ನಿನ ಸದ್ದು ನನ್ನ ಕುರ್ಚಿಯವರೆಗೆ ಕೇಳಿಸಿತು. ನೀನು ನಮ್ಮ ಪುಸ್ತಕದಲ್ಲಿ ಈಗ ಸಭೆಗೆ ಬಾರದವಳು, ಮೋಜೆಲ್. ಅಷ್ಟೇ.

ಹೊಸ ಪುಸ್ತಕದಲ್ಲಿ ಗೈರಾದವರ ಮುಂದೆ ಕಾರಣ ಬರೆಯಲು ಒಂದು ಕಾಲಂ ಇದೆ, ನನ್ನ ಕಾಲದಲ್ಲಿ ಇರಲಿಲ್ಲ. ಊಟದ ಹೊತ್ತಿನಲ್ಲಿ ಲವೋನ್ಯಾ ತಟ್ಟೆ ಹಿಡಿದುಕೊಂಡೇ ಬಂದಳು. ‘ಮಿಸ್ ವಾಷ್ಟಿ, ಅವರ ಹೆಸರಿನ ಮುಂದೆ ಏನಂತ ಹಾಕ್ಲಿ? ಹುಷಾರಿಲ್ಲ ಅಂತ ಹಾಕ್ಬಿಡ್ಲಾ?’ ಹಾಕು ಎಂದು ಬಾಯಿಗೆ ಬಂದಿತ್ತು. ಖಾಲಿ ಬಿಡು, ಅವರನ್ನೇ ಕೇಳಿ ಹೇಳುತ್ತೇನೆ ಅಂದೆ.

ಏನಂತ ಬರೆಯಲಿ, ಮೋಜೆಲ್?

ವಾಷ್ಟಿ